ಪೀಠ ಬಿಟ್ಟು ಕೆಳಗಿಳಿದ ವೈದ್ಯ: ಆಂಡ್ರಿಯಾಸ್ ವೆಸೇಲಿಯಸ್



ಬಾಬಾಸಾಹೇಬರ ಚರಿತ್ರೆ, ಫುಲೆ ದಂಪತಿಗಳ ಚರಿತ್ರೆ ನಮ್ಮ ಸಂಚಿಕೆಗಳಲ್ಲಿ ಬರುತ್ತಲೇ ಇರುತ್ತವೆ, ಬರಲೇಬೇಕು. ಇದು ಬೇರೆ ದೇಶದವನೊಬ್ಬನ ಕಥೆ, ಸುಮಾರು ಐನೂರು ವರ್ಷ ಹಿಂದಿನದು. ಹಿಂದೂಪುರಕ್ಕೂ ಕಲ್ಯಾಣದುರ್ಗಕ್ಕೂ ಇವನಿಗೂ ಏನಪ್ಪಾ ಸಂಬಂಧ ಅಂತ ಕೇಳಬಹುದು. ಇಂಟರ್‌ನಲ್ಲಿ ಬೈಪಿಸಿ ತಗೊಂಡು, ನೀಟ್ ಬರೆದು, ಮೆಡಿಕಲ್ ಸೀಟು ಹಿಡಿಯಬೇಕು ಅಂತ ರಾತ್ರಿಯೆಲ್ಲ ಕೂತು ಓದುವ ಮಕ್ಕಳು ನಮ್ಮ ಕೇರಿಗಳಲ್ಲೂ ಈಗ ಇದ್ದಾರೆ. ಅವರ ಪುಸ್ತಕದಲ್ಲಿ ಮೂಳೆ, ಸ್ನಾಯು, ನರ, ರಕ್ತನಾಳ ಇವುಗಳ ಚಿತ್ರ ಇರುತ್ತವಲ್ಲ, ಒಂದೊಂದು ಭಾಗಕ್ಕೂ ಗುರುತಿನ ಅಕ್ಷರ ಹಾಕಿರುತ್ತಾರಲ್ಲ, ಆ ಪದ್ಧತಿಯನ್ನು ಜಗತ್ತಿಗೆ ಗಟ್ಟಿ ಮಾಡಿ ಕೊಟ್ಟವನು ಇವನು. ಅದಕ್ಕಿಂತ ಹೆಚ್ಚಾಗಿ, ಹೆಣ ಮುಟ್ಟುವವನು ಕೀಳು, ಮುಟ್ಟದೆ ಓದುವವನು ಮೇಲು ಅನ್ನುವ ಏರ್ಪಾಡು ಅಲ್ಲಿಯೂ ಇತ್ತು. ಅದನ್ನು ತನ್ನ ಎರಡು ಕೈಯಿಂದ ಮುರಿದವನು ಇವನು. ಹಾಗಾಗಿ ಈ ಕಥೆ ನಮ್ಮದೂ ಹೌದು.

ಆಂಡ್ರಿಯಾಸ್ ವೆಸೇಲಿಯಸ್ ಹುಟ್ಟಿದ್ದು 1514ರ ಡಿಸೆಂಬರ್ 31ರಂದು, ಬ್ರಸೆಲ್ಸ್ ಪಟ್ಟಣದಲ್ಲಿ. ಈಗಿನ ಬೆಲ್ಜಿಯಂ ದೇಶ ಅದು. ಅಜ್ಜ ರಾಜವೈದ್ಯ. ಆದರೆ ಅಪ್ಪ ಆ ಅಜ್ಜನಿಗೆ ಮದುವೆಯ ಆಚೆ ಹುಟ್ಟಿದ ಮಗ. ಹುಟ್ಟಿನ ಈ ಕಳಂಕ ಬೆನ್ನಿಗಿದ್ದ ಅಪ್ಪ ಮನೆತನದ ವೈದ್ಯಪದವಿಗೆ ಏರದೆ, ಅರಮನೆಯಲ್ಲಿ ಔಷಧಿ ಅರೆದು ಕೊಡುವ ಕೆಲಸದಲ್ಲಿ ಬದುಕು ಸವೆಸಿದ. ಚಕ್ರವರ್ತಿ ಐದನೇ ಚಾರ್ಲ್ಸ್ 1531ರಲ್ಲಿ ಅವನನ್ನು ಸಕ್ರಮ ಸಂತಾನ ಅಂತ ಒಪ್ಪಿ ಆಜ್ಞೆ ಹೊರಡಿಸುವಷ್ಟರಲ್ಲಿ ಮಗನಿಗೆ ಹದಿನಾರು ತುಂಬಿತ್ತು. ಹುಟ್ಟನ್ನು ಕಾಗದದ ಮೇಲೆ ಸರಿ ಮಾಡಿಸಿಕೊಳ್ಳುವ ಪಾಡು ಅವರ ಮನೆಗೂ ಗೊತ್ತಿತ್ತು ಅನ್ನುವುದಕ್ಕೆ ಇಷ್ಟು ಹೇಳಿದೆ.

ಹುಡುಗ ಲುವೇನ್‌ನಲ್ಲಿ ಓದಿ, 1533ರಲ್ಲಿ ವೈದ್ಯ ಕಲಿಯಲು ಪ್ಯಾರಿಸ್‌ಗೆ ಹೋದ. ಆಗಿನ ವೈದ್ಯವಿದ್ಯೆ ಹೇಗಿತ್ತು ಅಂತ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕಂದ್ರೆ ಗಂಟು ಇರುವುದೇ ಅಲ್ಲಿ.

ಗ್ಯಾಲನ್ ಅಂತ ಒಬ್ಬ ಗ್ರೀಕ್ ವೈದ್ಯ, ಕ್ರಿಸ್ತಶಕ ಎರಡನೇ ಶತಮಾನದವನು. ದೊಡ್ಡ ಪಂಡಿತ, ಅದರಲ್ಲಿ ಅನುಮಾನವಿಲ್ಲ. ಆದರೆ ರೋಮ್ ರಾಜ್ಯದಲ್ಲಿ ಮನುಷ್ಯರ ಹೆಣ ಕೊಯ್ಯುವ ರೂಢಿ ಇರಲಿಲ್ಲ. ಹಾಗಾಗಿ ಅವನು ಕೋತಿ, ಹಂದಿ, ದನ ಕೊಯ್ದು ನೋಡಿ, ಮನುಷ್ಯನ ಒಳಗೂ ಇಷ್ಟೇ ಅಂತ ಬರೆದಿಟ್ಟ. ಆ ಬರಹ ಸಾವಿರದ ಮುನ್ನೂರು ವರ್ಷ ವೇದವಾಕ್ಯವಾಗಿ ನಡೆಯಿತು. ಇಟಲಿಯ ವಿದ್ಯಾಲಯಗಳಲ್ಲಿ ಹದಿನಾಲ್ಕನೇ ಶತಮಾನದಿಂದಲೇ ಮನುಷ್ಯರ ಹೆಣ ಕೊಯ್ದು ತೋರಿಸುವುದು ಶುರುವಾಗಿತ್ತು. ಆದರೂ ಗ್ಯಾಲನ್‌ನ ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ. ಹೆಣ ಎದುರಿಗೇ ಬಿದ್ದಿದ್ದರೂ ಬೀಳಲಿಲ್ಲ! ಹೆಂಗೆ ಅಂತೀರಾ?

ಪಾಠ ನಡೆಯುತ್ತಿದ್ದ ರೀತಿ ನೋಡಿ. ಎತ್ತರದ ಪೀಠದ ಮೇಲೆ ಆಚಾರ್ಯರು ನಿಲುವಂಗಿ ಹಾಕಿಕೊಂಡು ಕೂತು ಲ್ಯಾಟಿನ್ ಭಾಷೆಯಲ್ಲಿ ಗ್ರಂಥ ಓದುತ್ತಾರೆ. ಕೆಳಗೆ ಮೇಜಿನ ಮೇಲೆ ಹೆಣ. ಕತ್ತಿ ಹಿಡಿದು ಕೊಯ್ಯುವವನು ಕ್ಷೌರಿಕ. ಅವನಿಗೆ ಲ್ಯಾಟಿನ್ ಬರದು. ನಡುವೆ ಇನ್ನೊಬ್ಬ ಕೋಲು ಹಿಡಿದು, ಇದು ಪಿತ್ತಕೋಶ, ಇದು ಗುಲ್ಮ ಅಂತ ತೋರಿಸುತ್ತಾನೆ. ಓದುವವನು ಮುಟ್ಟಲ್ಲ, ಮುಟ್ಟುವವನಿಗೆ ಓದಲು ಬಿಟ್ಟಿಲ್ಲ. ಗ್ರಂಥದಲ್ಲಿ ಪಿತ್ತಕೋಶದ ಮೇಲಿನ ಈಲಿಗೆ ಐದು ಹೋಳು ಅಂತ ಇದ್ದರೆ ಮೇಲೆ ಕೂತವನು ಐದು ಅಂತ ಓದುತ್ತಾನೆ. ಕೆಳಗಿನವನ ಕೈಗೆ ಐದು ಸಿಗುವುದಿಲ್ಲ. ಆದರೆ ಅವನನ್ನು ಕೇಳುವವರು ಯಾರು?

ನಮ್ಮ ಕಡೆಯ ಮಾತು ಇಲ್ಲಿ ಒಂದು ಹೇಳಿಬಿಡುತ್ತೇನೆ. ಸುಶ್ರುತ ಸಂಹಿತೆಯಲ್ಲಿ ಹೆಣವನ್ನು ಹುಲ್ಲಿನಲ್ಲಿ ಸುತ್ತಿ, ಬೋನಿನಲ್ಲಿಟ್ಟು, ಹರಿಯುವ ನೀರಿನಲ್ಲಿ ಏಳು ರಾತ್ರಿ ನೆನೆಸಿ, ಆಮೇಲೆ ಬೇರು, ಬಿದಿರಿನ ಕುಂಚದಿಂದ ಮೆಲ್ಲಗೆ ಉಜ್ಜುತ್ತಾ ಚರ್ಮದಿಂದ ಹಿಡಿದು ಒಳಗಿನ ಭಾಗಗಳವರೆಗೆ ನೋಡಿ ಕಲಿಯಬೇಕು ಅಂತ ಇದೆ. ಅಂದರೆ ಒಂದು ಕಾಲಕ್ಕೆ ಇಲ್ಲಿಯೂ ನೋಡುತ್ತಿದ್ದರು. ಆಮೇಲೆ ಮೈಲಿಗೆ ಬಂದು ಕೂತಿತು, ಗ್ರಂಥ ಉಳಿಯಿತು, ನೋಟ ಹೋಯಿತು. ಊರಲ್ಲಿ ಸತ್ತ ದನ ಎತ್ತಿದವರು, ತೊಗಲು ಸುಲಿದವರು, ತಂಗಡಿ ಚಕ್ಕೆ ಹಾಕಿ ಹದ ಮಾಡಿದವರು ನಮ್ಮ ಹಿರಿಯರು. ಕೀಲು ಎಲ್ಲಿ ಬಿಡುತ್ತದೆ, ಹೊಟ್ಟೆಯ ಪೊರೆ ಎಷ್ಟು ಪದರ, ನರ ಯಾವುದು ನಾಳ ಯಾವುದು ಅಂತ ಅವರ ಬೆರಳಿಗೆ ಗೊತ್ತಿತ್ತು. ಅದೂ ಶಾಸ್ತ್ರವೇ. ಅದನ್ನು ಬರೆದುಕೊಳ್ಳಲು ಪಾಟಿ, ಬಳಪ ಕೊಡಲಿಲ್ಲ ಅಷ್ಟೆ.

ಪ್ಯಾರಿಸ್‌ನಲ್ಲಿ ವೆಸೇಲಿಯಸ್ ಮೇಷ್ಟರು ಸಿಲ್ವಿಯಸ್. ಗ್ಯಾಲನ್‌ನ ಪರಮ ಭಕ್ತ. ಈ ಶಿಷ್ಯನಿಗೆ ಬರೀ ಕೇಳಿ ತೃಪ್ತಿಯಿಲ್ಲ. ಊರಿನ ದೊಡ್ಡ ಸ್ಮಶಾನದಲ್ಲಿ ಹಳೆಯ ಗೋರಿಗಳಿಂದ ತೆಗೆದು ರಾಶಿ ಹಾಕಿದ್ದ ಮೂಳೆಗಳ ನಡುವೆ ಗೆಳೆಯರ ಜೊತೆ ಗಂಟೆಗಟ್ಟಲೆ ಕೂರುತ್ತಿದ್ದ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೈಗೆ ಕೊಟ್ಟ ಮೂಳೆ ಯಾವುದು ಅಂತ ಮುಟ್ಟಿಯೇ ಹೇಳುವ ಪಂದ್ಯ ಕಟ್ಟುತ್ತಿದ್ದರಂತೆ. ಊರಾಚೆ ಗಲ್ಲಿನ ಕಂಬದ ಹತ್ತಿರ ಹೋದಾಗ ನಾಯಿಗಳ ಕಾಟದಲ್ಲಿ ಜೀವ ಉಳಿಸಿಕೊಂಡು ಬಂದದ್ದೂ ಉಂಟು.

1536ರಲ್ಲಿ ಯುದ್ಧ ಶುರುವಾಗಿ ಓದು ಅರ್ಧಕ್ಕೆ ನಿಂತು ಲುವೇನ್‌ಗೆ ಮರಳಿದ. ಅಲ್ಲಿ ಗೆಳೆಯ ಗೆಮ್ಮಾ ಫ್ರಿಸಿಯಸ್ ಜೊತೆ ಊರಾಚೆ ತಿರುಗಾಡುವಾಗ ಕಂಬಕ್ಕೆ ಕಟ್ಟಿದ್ದ ಒಬ್ಬ ಅಪರಾಧಿಯ ಹೆಣ ಕಂಡಿತು. ಹಕ್ಕಿಗಳು ಮಾಂಸವನ್ನೆಲ್ಲ ತಿಂದು ಮೂಳೆ, ಕಟ್ಟುನರ ಮಾತ್ರ ಉಳಿದಿದ್ದವು. ವೆಸೇಲಿಯಸ್ ಕಂಬ ಹತ್ತಿ ಎಳೆದು ಬಿಡಿಸಿಕೊಂಡ. ಒಂದೇ ಸಲ ತರಲಾಗದೆ ಕದ್ದುಮುಚ್ಚಿ ಕಂತುಕಂತಾಗಿ ಮನೆಗೆ ಸಾಗಿಸಿದ. ರಾತ್ರಿ ಕೋಟೆ ಬಾಗಿಲು ಹಾಕುವ ಹೊತ್ತಿಗೆ ಹೊರಗೇ ಉಳಿದು ಉಳಿದದ್ದನ್ನೂ ತಂದ. ಬೇಯಿಸಿ, ತೊಳೆದು, ಜೋಡಿಸಿ ನಿಲ್ಲಿಸಿ, ಪ್ಯಾರಿಸ್‌ನಿಂದ ತಂದಿದ್ದು ಅಂತ ಊರಿಗೆಲ್ಲ ಸುಳ್ಳು ಹೇಳಿದ. ಇಪ್ಪತ್ತೊಂದು ವರ್ಷದ ಹುಡುಗನ ಧೈರ್ಯ ಮೆಚ್ಚಬೇಕು. ಆದರೆ ಕಂಬದ ಮೇಲಿದ್ದವನೂ ಒಬ್ಬ ಮನುಷ್ಯ ಅಂತ ನಾವು ಮರೆಯಬಾರದು. ಈ ಕಥೆಯುದ್ದಕ್ಕೂ ಅದು ಬರುತ್ತದೆ.

1537ರ ಡಿಸೆಂಬರ್ 5ರಂದು ಇಟಲಿಯ ಪಡುವಾ ವಿದ್ಯಾಲಯ ಅವನಿಗೆ ವೈದ್ಯಪದವಿ ಕೊಟ್ಟಿತು. ಮಾರನೇ ದಿನವೇ ಶಸ್ತ್ರಚಿಕಿತ್ಸೆ, ಅಂಗರಚನೆಯ ಅಧ್ಯಾಪಕನಾಗಿ ನೇಮಿಸಿತು. ವಯಸ್ಸು ಇನ್ನೂ ಇಪ್ಪತ್ಮೂರು ತುಂಬಿರಲಿಲ್ಲ. ಪಾಠಕ್ಕೆ ನಿಂತವನು ಮೊದಲು ಮಾಡಿದ ಕೆಲಸವೇ ಪೀಠ ಬಿಟ್ಟದ್ದು. ಕ್ಷೌರಿಕನ ಕೈಯಿಂದ ಕತ್ತಿ ತಗೊಂಡು ತಾನೇ ಕೊಯ್ದ, ತಾನೇ ತೋರಿಸಿದ, ತಾನೇ ವಿವರಿಸಿದ. ಮೂರು ಜನ ಮಾಡುತ್ತಿದ್ದ ಕೆಲಸ ಒಬ್ಬನಲ್ಲಿ ಕೂಡಿತು. ಹುಡುಗರನ್ನು ಹತ್ತಿರ ಕರೆದು ಮುಟ್ಟಿ ನೋಡಲು ಹೇಳಿದ.

ಹೆಣ ಎರಡು ಮೂರು ದಿನಕ್ಕೆ ಕೊಳೆಯುತ್ತದೆ. ಆಗ ಫಾರ್ಮಲಿನ್ ಇಲ್ಲ, ಐಸ್ ಪೆಟ್ಟಿಗೆ ಇಲ್ಲ. ಅದಕ್ಕೇ ಚಳಿಗಾಲದಲ್ಲೇ ಕೊಯ್ಯುತ್ತಿದ್ದರು. ಹಿಂದೆ ಕೂತ ಹುಡುಗನಿಗೆ ಏನೂ ಕಾಣುವುದಿಲ್ಲ. ಇದಕ್ಕೆ ಉಪಾಯ ಚಿತ್ರ. 1538ರಲ್ಲಿ ಆರು ದೊಡ್ಡ ಹಾಳೆಗಳನ್ನು ಅಚ್ಚು ಹಾಕಿಸಿದ. ಮೂರರಲ್ಲಿ ಈಲಿ, ರಕ್ತನಾಳಗಳು, ಅವನೇ ಬರೆದದ್ದು. ಇನ್ನು ಮೂರರಲ್ಲಿ ಅಸ್ಥಿಪಂಜರ, ಬರೆದವನು ಯಾನ್ ಸ್ಟೆಫನ್ ವಾನ್ ಕಾಲ್ಕರ್ ಎಂಬ ಚಿತ್ರಕಾರ.

ಆ ಹಾಳೆಗಳಲ್ಲಿ ಒಂದು ಸೋಜಿಗ ಇದೆ. ಎಷ್ಟೋ ಹೆಣ ಕೊಯ್ದ ಮೇಲೂ ವೆಸೇಲಿಯಸ್ ಅಲ್ಲಿ ಐದು ಹೋಳಿನ ಈಲಿಯನ್ನೇ ಬರೆದಿದ್ದಾನೆ! ಮಿದುಳಿನ ಬುಡದಲ್ಲಿ ರಕ್ತನಾಳಗಳ ಒಂದು ಬಲೆ ಇದೆ ಅಂತ ಗ್ಯಾಲನ್ ಹೇಳಿದ್ದ. ಅದು ಕುರಿ, ದನದಲ್ಲಿದೆ, ಮನುಷ್ಯರಲ್ಲಿ ಇಲ್ಲ. ಅದನ್ನೂ ಬರೆದಿದ್ದಾನೆ. ಪಾಠ ಮಾಡುವಾಗ ಮನುಷ್ಯನ ತಲೆಯ ಪಕ್ಕ ಒಂದು ಕುರಿತಲೆಯನ್ನೋ ಎತ್ತಿನ ತಲೆಯನ್ನೋ ಇಟ್ಟುಕೊಂಡು, ಇಲ್ಲಿ ಸಿಗದ ಬಲೆಯನ್ನು ಅಲ್ಲಿ ತೋರಿಸುತ್ತಿದ್ದೆ ಅಂತ ಮುಂದೆ ಅವನೇ ನಾಚಿಕೆಯಿಂದ ಬರೆದುಕೊಂಡ. ಕಣ್ಣು ಕಂಡದ್ದನ್ನು ಕೈ ಬರೆಯಲು ಹೆದರಿತ್ತು. ದೊಡ್ಡವರು ಹೇಳಿದ್ದು ಸುಳ್ಳಿರಲಾರದು, ನನ್ನ ಕಣ್ಣೇ ಸರಿಯಿಲ್ಲ ಅನ್ನುವ ಭಯ ನಮಗೆ ಹೊಸದಲ್ಲ.

ಆ ಭಯ ಬಿಟ್ಟದ್ದು ಹೆಣಗಳ ಸಂಖ್ಯೆ ಹೆಚ್ಚಿದಾಗ. ಪಡುವಾದ ನ್ಯಾಯಾಧೀಶ ಮಾರ್ಕಂತೋನಿಯೊ ಕಾಂತಾರಿನಿ 1539ರಲ್ಲಿ ಮರಣದಂಡನೆಯಾದವರ ಹೆಣಗಳನ್ನು ಅವನಿಗೆ ಕೊಡಿಸಲು ಶುರು ಮಾಡಿದ. ಪಾಠಕ್ಕೆ ಅನುಕೂಲವಾಗುವಂತೆ ಗಲ್ಲಿನ ದಿನವನ್ನೇ ಹಿಂದೆ ಮುಂದೆ ಮಾಡುತ್ತಿದ್ದರು. 1540ರಲ್ಲಿ ಬೊಲೊನ್ಯಾದಲ್ಲಿ, ಕೊರ್ತಿ ಎಂಬ ಹಿರಿಯ ಪಂಡಿತರು ಹಳೆಯ ರೀತಿಯಲ್ಲಿ ಗ್ರಂಥ ಓದುತ್ತಿದ್ದರೆ, ವೆಸೇಲಿಯಸ್ ಹೆಣ ಕೊಯ್ದು ಪುಸ್ತಕ ಹೇಳಿದ್ದು ಇಲ್ಲಿ ಇಲ್ಲವಲ್ಲ ಅಂತ ಎದುರಿಗೇ ವಾದ ಹೂಡಿದ. ಆ ಊರಲ್ಲೇ ಒಂದು ಮನುಷ್ಯನ ಅಸ್ಥಿಪಂಜರ, ಒಂದು ಕೋತಿಯದು, ಎರಡನ್ನೂ ಜೋಡಿಸಿ ಅಕ್ಕಪಕ್ಕ ನಿಲ್ಲಿಸಿದ. ಗ್ಯಾಲನ್ ವರ್ಣಿಸಿದ ಬೆನ್ನೆಲುಬಿನ ಒಂದು ಗುರುತು ಕೋತಿಯಲ್ಲಿತ್ತು, ಮನುಷ್ಯನಲ್ಲಿ ಇರಲಿಲ್ಲ. ಗುಟ್ಟು ರಟ್ಟಾಯಿತು. ಸಾವಿರದ ಮುನ್ನೂರು ವರ್ಷ ವೈದ್ಯರು ಕೋತಿಯ ಮೈ ಓದಿ ಮನುಷ್ಯನಿಗೆ ಔಷಧಿ ಕೊಟ್ಟಿದ್ದರು. ಕೆಳದವಡೆ ಎರಡು ಮೂಳೆ ಅಂತ ಇದ್ದದ್ದು ಒಂದೇ. ಎದೆಯ ನಡುಮೂಳೆ ಏಳು ತುಂಡು ಅಂತ ಇದ್ದದ್ದು ಮೂರೇ. ಇಂಥ ತಪ್ಪು ಇನ್ನೂರಕ್ಕೂ ಹೆಚ್ಚು ಅಂತ ಎಣಿಸುತ್ತಾರೆ.

ಇದನ್ನೆಲ್ಲ ಒಂದು ದೊಡ್ಡ ಪುಸ್ತಕ ಮಾಡಲು ಹೊರಟ. ಚಿತ್ರ ಬರೆಯುವವರನ್ನು ಹೆಣದ ಪಕ್ಕದಲ್ಲೇ ಕೂರಿಸಿದ. ವಾಸನೆ, ನೊಣ, ಕೊಳೆಯುವ ಮೊದಲು ಮುಗಿಸುವ ಅವಸರ! ಆಮೇಲೆ ಆ ಚಿತ್ರವನ್ನು ಪೇರಳೆ ಜಾತಿಯ ಮರದ ಹಲಗೆಗೆ ಇಳಿಸಿ, ಗೆರೆಯನ್ನಷ್ಟೇ ಉಬ್ಬಾಗಿ ಬಿಟ್ಟು ಉಳಿದ ಮರವನ್ನು ಚಾಕುವಿನ ಮೊನೆಯಿಂದ ಕೆತ್ತಿ ತೆಗೆಯಬೇಕು. ಉಬ್ಬಿದ ಗೆರೆಗೆ ಮಸಿ ಹಚ್ಚಿ ಕಾಗದಕ್ಕೆ ಒತ್ತಬೇಕು. ಧರ್ಮಾವರದ ಹತ್ತಿರ ನಿಮ್ಮಲಕುಂಟದಲ್ಲಿ ತೊಗಲುಗೊಂಬೆ ಮಾಡುವವರು ಉಳಿಯಿಂದ ಕೂದಲೆಳೆಯಷ್ಟು ಸಣ್ಣ ಕಿಂಡಿ ಕೊರೆಯುವುದನ್ನು ನೋಡಿದವರಿಗೆ ಆ ಕೈಚಳಕ ಅರ್ಥವಾದೀತು. ವೆನಿಸ್‌ನಲ್ಲಿ ಕೆತ್ತಿದ ಈ ಹಲಗೆಗಳನ್ನು 1542ರ ಆಗಸ್ಟ್‌ನಲ್ಲಿ ವ್ಯಾಪಾರಿಗಳ ಕೈಲಿ, ಆಲ್ಪ್ಸ್ ಬೆಟ್ಟ ದಾಟಿಸಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣಕ್ಕೆ ಕಳಿಸಿದ. ಒಂದೊಂದು ಹಲಗೆ ಎಲ್ಲಿ ಬರಬೇಕು, ಯಾವ ಅಕ್ಷರ ಎಲ್ಲಿಗೆ ಸೇರಬೇಕು ಅಂತ ಮುದ್ರಕ ಒಪೊರಿನಸ್‌ಗೆ ಉದ್ದನೆಯ ಪತ್ರ ಬರೆದ. ಅಷ್ಟಕ್ಕೂ ಸಮಾಧಾನವಿಲ್ಲದೆ ತಾನೇ ಹೋಗಿ ಕೂತ.

1543ರ ಜೂನ್‌ನಲ್ಲಿ ಪುಸ್ತಕ ಹೊರಬಂತು. ಹೆಸರು ದೆ ಹ್ಯುಮಾನಿ ಕಾರ್ಪೊರಿಸ್ ಫ್ಯಾಬ್ರಿಕಾ, ಅಂದರೆ ಮಾನವ ದೇಹದ ರಚನೆಯ ಕುರಿತು. ಏಳು ಭಾಗ, ಆರುನೂರಕ್ಕೂ ಹೆಚ್ಚು ಪುಟ, ಇನ್ನೂರಕ್ಕೂ ಹೆಚ್ಚು ಚಿತ್ರ. ಬರೆದವನಿಗೆ ಇಪ್ಪತ್ತೆಂಟು ವರ್ಷ. ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಅಂತ ಕೊಪರ್ನಿಕಸ್ ಬರೆದ ಪುಸ್ತಕ ಬಂದದ್ದೂ ಅದೇ ವರ್ಷ. ದೊಡ್ಡ ಪುಸ್ತಕ ಕೊಳ್ಳಲಾಗದ ವಿದ್ಯಾರ್ಥಿಗಳಿಗೆ ಅಂತ ಒಂದು ಸಂಕ್ಷಿಪ್ತ ಪುಸ್ತಕವನ್ನೂ ಅದೇ ವರ್ಷ ತಂದ. ಅದು ಲ್ಯಾಟಿನ್ ಬಾರದವರಿಗೂ ಸಿಗಲಿ ಅಂತ ಜರ್ಮನ್ ಭಾಷೆಯಲ್ಲೂ ಆಗಲೇ ಅಚ್ಚಾಯಿತು. ಈ ಎರಡನೇ ಕೆಲಸ ನನಗೆ ಮೊದಲನೆಯದಕ್ಕಿಂತ ಕಡಿಮೆಯದಲ್ಲ ಅನಿಸುತ್ತದೆ.

ಚಿತ್ರಗಳ ವಿಷಯ ಹೇಳದೆ ಮುಂದೆ ಹೋಗಲಾಗದು. ಹೆಣವನ್ನು ಹೆಣದ ಹಾಗೆ ಮಲಗಿಸಿಲ್ಲ. ಪಡುವಾದ ಆಸುಪಾಸಿನ ಗುಡ್ಡ, ಹೊಳೆ, ಊರುಗಳ ಮುಂದೆ ಚರ್ಮ ಸುಲಿದ ಮನುಷ್ಯ ಎದ್ದು ನಿಂತಿದ್ದಾನೆ, ಕೈ ಚಾಚಿದ್ದಾನೆ. ಪುಟ ತಿರುವಿದಂತೆ ಒಂದೊಂದು ಪದರ ಸ್ನಾಯು ಕಳಚಿ ಜೋತು ಬೀಳುತ್ತದೆ. ಕೊನೆಕೊನೆಗೆ ನಿಲ್ಲುವ ಶಕ್ತಿಯೂ ಇಲ್ಲದೆ ಹಗ್ಗದಿಂದ ಕಟ್ಟಿ ತೂಗುಹಾಕಿದಂತೆ, ಗೋಡೆಗೆ ಒರಗಿದಂತೆ ಬರೆದಿದ್ದಾರೆ. ಒಂದು ಅಸ್ಥಿಪಂಜರ ಗೋರಿಕಟ್ಟೆಯ ಮೇಲೆ ಮೊಣಕೈ ಊರಿ, ಒಂದು ತಲೆಬುರುಡೆಯ ಮೇಲೆ ಕೈಯಿಟ್ಟು ಯೋಚನೆಗೆ ಬಿದ್ದಿದೆ. ಚಿತ್ರದ ತುಂಬ ಸಣ್ಣ ಸಣ್ಣ ಅಕ್ಷರ, ಪಕ್ಕದಲ್ಲಿ ಆ ಅಕ್ಷರಕ್ಕೆ ವಿವರ. ಹೆಣ ಸಿಗದ ಊರಿನವನೂ ನೋಡಿ ಕಲಿಯಬಹುದು, ತಪ್ಪಿದ್ದರೆ ಬೆರಳಿಟ್ಟು ತೋರಿಸಬಹುದು.

ಹೆಚ್ಚುಕಡಿಮೆ ಇದೇ ಕಾಲದಲ್ಲಿ ನಮ್ಮ ಹಿಂದೂಪುರದ ಪಕ್ಕದ ಲೇಪಾಕ್ಷಿಯಲ್ಲಿ, ಅಚ್ಯುತರಾಯನ ಆಳ್ವಿಕೆಯಲ್ಲಿ, ವೀರಭದ್ರ ಗುಡಿಯ ಚಾವಣಿಗೆ ಚಿತ್ರ ಬರೆಯುತ್ತಿದ್ದರು. ಸೀರೆಯ ಅಂಚು, ಕುಲಾವಿ, ಕಣ್ಣಿನ ಹೊಳಪು, ಏನು ಕೈ ಅದು! ಆ ಕೈಗಳಿಗೆ ಮೈಯ ಹೊರಗನ್ನು ಬರೆಯುವ ಕೆಲಸ ಸಿಕ್ಕಿತು, ಒಳಗನ್ನು ಬರೆಯಲು ಕರೆಯುವವರಿರಲಿಲ್ಲ. ಗುಡಿ ಕಟ್ಟಿಸಿದ ವಿರೂಪಣ್ಣನ ಹೆಸರು ಎಲ್ಲರ ಬಾಯಲ್ಲಿದೆ, ಬಣ್ಣ ಹಚ್ಚಿದವರದು ಇಲ್ಲ. ಅಲ್ಲಿಯೂ ಅದೇ ಕಥೆ. ವೆಸೇಲಿಯಸ್ ಅಷ್ಟು ದೊಡ್ಡ ಪುಸ್ತಕದಲ್ಲಿ ಚಿತ್ರಕಾರನ ಹೆಸರು ಹಾಕಲಿಲ್ಲ. ಕಾಲ್ಕರ್ ಅಂತ ಕೆಲವರು, ಟಿಷಿಯನ್‌ನ ಚಿತ್ರಶಾಲೆಯ ಹಲವರು ಸೇರಿ ಬರೆದದ್ದು ಅಂತ ಕೆಲವರು ಇವತ್ತಿಗೂ ವಾದ ಮಾಡುತ್ತಾರೆ. ಹಲಗೆ ಕೆತ್ತಿದವನ ಹೆಸರಂತೂ ಕೇಳಲೇಬೇಡಿ. ಪೀಠದಿಂದ ಇಳಿದವನಿಗೂ ಇಷ್ಟು ಇಳಿಯಲು ಆಗಲಿಲ್ಲ ಅನ್ನುವುದು ನನ್ನ ದೂರು.

ಇನ್ನು ಮೇಜಿನ ಮೇಲೆ ಮಲಗಿದವರ ಮಾತು. ಪುಸ್ತಕದ ಮೊದಲ ಪುಟದ ಚಿತ್ರದಲ್ಲಿ ಜನಜಂಗುಳಿ ನಡುವೆ ಹೊಟ್ಟೆ ಸೀಳಿ ಮಲಗಿಸಿದ ಒಬ್ಬ ಹೆಂಗಸಿದ್ದಾಳೆ. ಗಲ್ಲು ತಪ್ಪಿಸಿಕೊಳ್ಳಲು ತಾನು ಬಸುರಿ ಅಂತ ಹೇಳಿಕೊಂಡಿದ್ದಳು. ಸೂಲಗಿತ್ತಿಯರನ್ನು ಕರೆಸಿ ಪರೀಕ್ಷಿಸಿ, ಇಲ್ಲ ಅಂತ ಖಾತ್ರಿ ಮಾಡಿಕೊಂಡು ನೇಣು ಹಾಕಿದರು. ಅವಳ ಹೆಸರು ಪುಸ್ತಕದಲ್ಲಿಲ್ಲ. ಹೆಂಗಸರ ಹೆಣ ಸಿಗುತ್ತಿದ್ದದ್ದು ಅಪರೂಪ. ಹಾಗಾಗಿ ಆ ಭಾಗದಲ್ಲಿ ವೆಸೇಲಿಯಸ್ ಕೂಡ ಎಡವಿದ. ಮೊದಲ ಮುದ್ರಣದಲ್ಲಿ ಮಾಸುಚೀಲದ ಚಿತ್ರ ನಾಯಿಯದು. ಒಬ್ಬ ಸೂಲಗಿತ್ತಿಯನ್ನು ಕೇಳಿದ್ದರೆ ಹೇಳುತ್ತಿದ್ದಳು. 1555ರ ಎರಡನೇ ಮುದ್ರಣದಲ್ಲಿ ಅದನ್ನು ತಿದ್ದಿದ. ಬಾಸೆಲ್‌ನಲ್ಲಿ ಪುಸ್ತಕ ಅಚ್ಚಾಗುವಾಗ, 1543ರ ಮೇ ತಿಂಗಳಲ್ಲಿ, ಮರಣದಂಡನೆಯಾದ ಯಾಕೋಬ್ ಕಾರರ್ ಎಂಬುವನ ಹೆಣ ಕೊಯ್ದು, ಮೂಳೆ ಜೋಡಿಸಿ ಆ ಊರಿಗೆ ಕೊಟ್ಟ. ಆ ಅಸ್ಥಿಪಂಜರ ಬಾಸೆಲ್‌ನ ಸಂಗ್ರಹಾಲಯದಲ್ಲಿ ಈಗಲೂ ಇದೆ. ಹೆಂಡತಿಯ ಮೇಲೆ ಕೈಮಾಡಿದ ಕೆಟ್ಟವನೇ ಇರಬಹುದು, ಆದರೆ ಹೆಸರು ಉಳಿಸಿಕೊಂಡ. ಮುಂದೆ 1832ರಲ್ಲಿ ಇಂಗ್ಲೆಂಡ್ ಕಾನೂನು ಮಾಡಿ, ಗಲ್ಲಿಗೇರಿದವರ ಬದಲು ಕೇಳುವವರಿಲ್ಲದ ಬಡವರ ಹೆಣಗಳನ್ನು ವೈದ್ಯಶಾಲೆಗೆ ಒಪ್ಪಿಸಿತು. ಅಪರಾಧಿಯ ಜಾಗಕ್ಕೆ ಬಡವ ಬಂದ.

ಪುಸ್ತಕ ಬಂದ ಮೇಲೆ ಹೊಗಳಿಕೆಯ ಜೊತೆ ಬೈಗುಳವೂ ಬಂತು. ಹಳೇ ಗುರು ಸಿಲ್ವಿಯಸ್ 1551ರಲ್ಲಿ ಒಂದು ಹೊತ್ತಗೆಯನ್ನೇ ಬರೆದು, ಶಿಷ್ಯನ ಹೆಸರನ್ನು ತಿರುಚಿ ಹುಚ್ಚ ಅಂತ ಕರೆದ. ಗ್ಯಾಲನ್ ತಪ್ಪು ಬರೆದಿಲ್ಲ, ಅವನ ಕಾಲದ ಮೇಲೆ ಮನುಷ್ಯರ ಮೈಯೇ ಕೆಟ್ಟು ಬದಲಾಗಿದೆ ಅನ್ನುವುದು ಅವರ ವಾದ! ಗ್ರಂಥ ಉಳಿಯಬೇಕಾದರೆ ಮನುಷ್ಯನೇ ತಪ್ಪಾಗಲಿ ಅನ್ನುವ ಈ ತರ್ಕವನ್ನು ನಾವು ಬೇರೆ ಗ್ರಂಥಗಳ ವಿಷಯದಲ್ಲೂ ಕೇಳಿದ್ದೇವೆ.

ವೆಸೇಲಿಯಸ್ ಅಷ್ಟರಲ್ಲಿ ಪಾಠ ಬಿಟ್ಟಿದ್ದ. ಸಿಟ್ಟಿನಲ್ಲಿ ತನ್ನ ಕಾಗದಪತ್ರಗಳನ್ನು ಸುಟ್ಟುಹಾಕಿ, ಐದನೇ ಚಾರ್ಲ್ಸ್ ಚಕ್ರವರ್ತಿಯ ವೈದ್ಯನಾಗಿ ಸೇರಿಕೊಂಡ. 1544ರಲ್ಲಿ ಮದುವೆ, ಒಬ್ಬಳು ಮಗಳು. ಆಮೇಲೆ ಇಪ್ಪತ್ತು ವರ್ಷ ಅರಮನೆ, ದಂಡು, ರಾಜರ ಕಾಯಿಲೆ. 1559ರಲ್ಲಿ ಫ್ರಾನ್ಸಿನ ರಾಜ ಎರಡನೇ ಹೆನ್ರಿಗೆ ಪಂದ್ಯದಲ್ಲಿ ಈಟಿಯ ಚೂರು ಕಣ್ಣಿಗೆ ಹೊಕ್ಕಾಗ ಇವನನ್ನು ಕರೆಸಿದ್ದರು. ರಾಜ ಉಳಿಯಲಿಲ್ಲ. ಅದೇ ವರ್ಷ ಎರಡನೇ ಫಿಲಿಪ್ ಜೊತೆ ಸ್ಪೇನ್‌ಗೆ ಹೋದ. ಈ ವರ್ಷಗಳಲ್ಲಿ ಕೆಲಸಕ್ಕೆ ಬಾರದ್ದೇ ಹೆಚ್ಚು ಅಂತ ನನ್ನ ಅಭಿಪ್ರಾಯ. ಎರಡನೇ ಮುದ್ರಣ ಒಂದು ಬಿಟ್ಟು. ಅದರಲ್ಲಿ ಹೃದಯದ ನಡುಗೋಡೆಯಲ್ಲಿ ಗ್ಯಾಲನ್ ಹೇಳಿದ ರಂಧ್ರಗಳ ಬಗ್ಗೆ ತನ್ನ ಅನುಮಾನವನ್ನು ಇನ್ನೂ ಗಟ್ಟಿಯಾಗಿ ಹೇಳಿದ. ಅದೇ ಪಡುವಾದಲ್ಲಿ ಓದಿದ ಹಾರ್ವೆ 1628ರಲ್ಲಿ ರಕ್ತ ಸುತ್ತುತ್ತದೆ ಅಂತ ತೋರಿಸುವುದಕ್ಕೆ ದಾರಿ ಇಂಥ ಅನುಮಾನಗಳಿಂದಲೇ ತೆರೆಯಿತು.

1564ರಲ್ಲಿ ಜೆರುಸಲೇಮಿಗೆ ಯಾತ್ರೆ ಹೋದವನು ವಾಪಸು ಬರುವಾಗ ಗ್ರೀಸ್ ಹತ್ತಿರದ ಜಾಂಟೆ ದ್ವೀಪದಲ್ಲಿ ತೀರಿಕೊಂಡ. ಐವತ್ತೂ ತುಂಬಿರಲಿಲ್ಲ. ಕೊಯ್ಯುವಾಗ ಹೆಣದ ಹೃದಯ ಮಿಡಿಯಿತು, ಆ ಪಾಪಕ್ಕೆ ಯಾತ್ರೆ ಹೋದ ಅಂತ ಒಂದು ಕಥೆ ಹಬ್ಬಿತು. ಇತಿಹಾಸ ಬಲ್ಲವರು ಅದನ್ನು ನಂಬುವುದಿಲ್ಲ.

ನಮ್ಮ ದೇಶದಲ್ಲಿ ಈ ವಿದ್ಯೆಗೆ ಕೈ ಹಾಕಿದ್ದು 1836ರಲ್ಲಿ, ಕಲ್ಕತ್ತ ಮೆಡಿಕಲ್ ಕಾಲೇಜಿನಲ್ಲಿ. ಮಧುಸೂದನ ಗುಪ್ತ ಎಂಬ ಪಂಡಿತರು ಮೈಲಿಗೆಯ ಭಯ ಬಿಟ್ಟು ಹೆಣ ಕೊಯ್ದರು. ಕೋಟೆಯಿಂದ ತೋಪು ಹಾರಿಸಿದರು ಅಂತ ಹೇಳುತ್ತಾರೆ. ಅವರ ಧೈರ್ಯಕ್ಕೆ ನಮಸ್ಕಾರ. ಆ ಊರಲ್ಲಿ ತಲೆತಲಾಂತರದಿಂದ ಹೆಣ ಹೊತ್ತು, ತೊಳೆದು, ಸುಟ್ಟ ಡೋಮರಿಗೆ ಯಾರೂ ತೋಪು ಹಾರಿಸಲಿಲ್ಲ.

ಫ್ಯಾಬ್ರಿಕಾದ ಮರದ ಹಲಗೆಗಳು ಜರ್ಮನಿಯ ಮ್ಯೂನಿಕ್‌ನಲ್ಲಿ ಬಹಳ ಕಾಲ ಇದ್ದವು. 1934ರಲ್ಲಿ ಅವೇ ಹಲಗೆಗಳಿಂದ ಮತ್ತೊಮ್ಮೆ ಚಿತ್ರ ಒತ್ತಿದರು. ಎರಡನೇ ಮಹಾಯುದ್ಧದ ಬಾಂಬಿಗೆ ಅವು ಸುಟ್ಟುಹೋದವು. ಚಿತ್ರಗಳಿಗೆ ಏನೂ ಆಗಿಲ್ಲ, ಫೋನಿನಲ್ಲಿ ಹುಡುಕಿದರೆ ದೊಡ್ಡ ದೊಡ್ಡ ಗ್ರಂಥಾಲಯಗಳು ಇಟ್ಟಿರುವ ಪುಟಗಳು ದುಡ್ಡಿಲ್ಲದೆ ಸಿಗುತ್ತವೆ. ಬೈಪಿಸಿ ಮಕ್ಕಳು ತೆರೆದು ನೋಡಿ. ಮೊದಲ ಪುಟದ ಚಿತ್ರದಲ್ಲಿ ಎಲ್ಲರೂ ನೋಡುವುದು ನಡುವೆ ನಿಂತ ವೆಸೇಲಿಯಸ್‌ನನ್ನು. ನೀವು ಮೇಜಿನ ಕೆಳಗೂ ನೋಡಿ. ಕೊಯ್ಯುವ ಕೆಲಸ ಕೈಬಿಟ್ಟುಹೋದ ಕ್ಷೌರಿಕರಿಬ್ಬರು ಅಲ್ಲಿ ನೆಲದ ಮೇಲೆ ಕೂತು, ಕತ್ತಿ ಮಸೆಯುವುದಕ್ಕೆ ಜಗಳ ಆಡುತ್ತಿದ್ದಾರೆ.